ಒಂದೇ ತಿಂಗಳಲ್ಲಿ ಮೂರು ಸಲ ಮಾರಾಟವಾದ ಡಿಸ್ಕ್

ದೊಡ್ಡಬಳ್ಳಾಪುರ
9-8-2025, ಶನಿವಾರ

ಮೇಘನಾ,

ಕ್ಷೇಮ ಸಮಾಚಾರವನ್ನೆಲ್ಲ ನಿಮ್ಮತ್ತೆ ಪ್ರಮೋದಾ ಫೋನಿನಲ್ಲಿ ಕೂಗಿ ಕೇಳುತ್ತಾಳೆ, ಬೀದಿಗೆಲ್ಲ ಕೇಳಿಸುತ್ತದೆ, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನನ್ನ ಎಡಗಿವಿಯನ್ನು ಮಗ್ಗದ ಸದ್ದು ತಿಂದು ಇಪ್ಪತ್ತು ವರ್ಷವಾಯಿತು, ಬಲಗಿವಿಯೂ ಈಗ ಅರ್ಧ ಸಂಬಳಕ್ಕೆ ಕೆಲಸ ಮಾಡುತ್ತಿದೆ. ಅದಕ್ಕೇ ವ್ಯಾಪಾರದ ಮಾತು ಡಿಸ್ಕಿನ ಡಬ್ಬಿಯೊಳಗೆ, ಕಾಗದದ ಮೇಲೆ. ವಾಟ್ಸಾಪ್ ಮಾಡುತ್ತೇನೆ ಎಂದು ಇನ್ನೊಮ್ಮೆ ಹೇಳಬೇಡ. ಅಲ್ಲಿ ಬರೆದವರೇ ಬಂದು ಅಳಿಸಿ ಹೋಗುತ್ತಾರೆ. ಅಂಥ ಕಡೆ ಲೆಕ್ಕ ಇಡುವವನು ನಾನಲ್ಲ.

ಕಂಡಕ್ಟರ್ ಬೈರೇಶನ ಬಸ್ಸಿನಲ್ಲಿ ನಲವತ್ತು ಗೇಮ್ ಡಿಸ್ಕ್ ಕಳಿಸಿದ್ದೇನೆ. ಇಪ್ಪತ್ತೆರಡು ಕ್ರಿಕೆಟ್, ಹನ್ನೊಂದು ಕಾರು ಓಡಿಸುವವು, ಏಳು ಗುಂಡು ಹಾರಿಸುವವು. ಎಲ್ಲವನ್ನೂ ಟ್ಯೂಬ್‌ಲೈಟ್ ಕೆಳಗೆ ವಾರೆ ಹಿಡಿದು ನೋಡಿದ್ದೇನೆ. ಸೀರೆಯಲ್ಲಿ ಎಳೆ ತಪ್ಪಿದ್ದನ್ನು ಹುಡುಕುವ ಕಣ್ಣಿಗೆ ಡಿಸ್ಕಿನ ಗೀರು ಯಾವ ಲೆಕ್ಕ! ನಡುವಿನ ಉಂಗುರದಲ್ಲಿ ನಂಬರು ಬರೆದಿದ್ದೇನೆ, ಅದೇ ನಂಬರು ನಿನ್ನ ಪಟ್ಟಿಯಲ್ಲೂ ಇರಲಿ.

ಇನ್ನು ನಿನ್ನ ಜುಲೈ ಮಾರಾಟದ ಪಟ್ಟಿ. ಮೂವತ್ತೊಂದು! ಇಲ್ಲಿ ಆರು. ಬೆಂಗಳೂರಿನಲ್ಲಿ ನನಗೆ ಮಾಲು ಕೊಡುತ್ತಿದ್ದ ಮೂರು ಅಂಗಡಿಗಳಲ್ಲಿ ಎರಡು ಈಗ ಮೊಬೈಲಿಗೆ ಗಾಜು ಅಂಟಿಸುತ್ತಿವೆ, ಮೂರನೆಯದರಲ್ಲಿ ಬಿರಿಯಾನಿ. ಎಲ್ಲರೂ ಗೇಮನ್ನು ನೆಟ್‌ನಿಂದಲೇ ಇಳಿಸಿಕೊಳ್ಳುತ್ತಾರಂತೆ, ಡಿಸ್ಕಿನ ಕಾಲ ಮುಗಿಯಿತಂತೆ. ಹಾಗಾದರೆ ನಮ್ಮ ಹೊಸಕೋಟೆ ಅಂಗಡಿ ಹೇಗೆ ಓಡುತ್ತಿದೆ? ಹಳೆಯದು ಕೊಡು, ಮೇಲೆ ಮುನ್ನೂರು ಕೊಡು, ಬೇರೆಯದು ತೆಗೆದುಕೊಂಡು ಹೋಗು. ಈ ಒಂದು ಮಾತನ್ನು ಗಿರಾಕಿಗೆ ಒಪ್ಪಿಸಲು ಬಾಯಿ ಬೇಕು. ಆ ಬಾಯಿ ನಿನಗೆ ಯಾರ ಕಡೆಯಿಂದ ಬಂತು ಎಂದು ನಾನು ಹೇಳುವುದಿಲ್ಲ, ನಿಮ್ಮಮ್ಮನನ್ನು ಕೇಳು.

ನಿನ್ನ ಡಬ್ಬಿ ಯಾವ ದಿನ ಬಂದರೂ ನಾನು ತೆರೆಯುವುದು ಶನಿವಾರ ಮಧ್ಯಾಹ್ನ, ವಾರದ ಪುಸ್ತಕ ಮುಗಿಸಿದ ಮೇಲೆ. ಎರಡು ವಾರದ ಮಾಲು ಬೆರೆತು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಅವಸರ ಮಾಡಬೇಡ.

ನಿನ್ನ ಮಾವ,
ಮುನಿಕೃಷ್ಣ


ಹೊಸಕೋಟೆ
14-8-2025

ಮಾವ,

ನಲವತ್ತೂ ಸರಿಯಾಗಿ ಬಂದವು. ಬೈರೇಶಣ್ಣ ಡಬ್ಬಿಯನ್ನು ಸೀಟಿನ ಮೇಲೆ ಕೂರಿಸಿಕೊಂಡು ಬಂದಿದ್ದರು. "ಟಿಕೆಟ್ ತಗೊಂಡಿಲ್ಲ ಕಣಮ್ಮ ನಿಮ್ಮಾವನ ಡಬ್ಬಿ, ಚೆಕಿಂಗ್ ಬಂದಿದ್ರೆ ನನ್ ಕಥೆ ಮುಗೀತಿತ್ತು" ಎಂದು ನಗಾಡಿದರು.

ಇಲ್ಲಿ ವ್ಯಾಪಾರ ಪರವಾಗಿಲ್ಲ. ಸದ್ಯಕ್ಕೆ ಹೊಸ ಮಾಲು ಕಳಿಸಬೇಡಿ. ಕಪಾಟಿನಲ್ಲಿ ಜಾಗವಿಲ್ಲ.

ಅತ್ತೆಗೆ ಮಂಡಿ ನೋವು ಕಡಿಮೆಯಾಯಿತೇ?

ಮೇಘನ


ದೊಡ್ಡಬಳ್ಳಾಪುರ
23-8-2025, ಶನಿವಾರ

ಮೇಘನಾ,

ಮಾರಾಟ ಜೋರು ಎನ್ನುವವಳ ಕಪಾಟಿನಲ್ಲಿ ಜಾಗವಿಲ್ಲ ಎಂದರೆ ಏನರ್ಥ ಎಂದು ಒಂದು ವಾರ ಯೋಚಿಸಿದೆ. ಕೊನೆಗೆ ನಿನ್ನ ಜುಲೈ ಪಟ್ಟಿಯನ್ನು ಮತ್ತೆ ತೆಗೆದು ಬೆರಳಿಟ್ಟು ಓದಿದೆ.

ನೂರ ಹದಿನೇಳನೇ ನಂಬರು. ಜುಲೈ ಮೂರಕ್ಕೆ ಮಾರಾಟ. ಒಂಬತ್ತಕ್ಕೆ ಮಾರಾಟ. ಹದಿನಾಲ್ಕಕ್ಕೆ ಮಾರಾಟ. ನಡುವೆ ವಾಪಸು ಬಂದ ದಾಖಲೆ ಎಲ್ಲಿ? ಒಂದೇ ಸೀರೆಯನ್ನು ಮೂವರು ಹೆಂಗಸರಿಗೆ ಮಾರಬೇಕಾದರೆ ಇಬ್ಬರಾದರೂ ಬಿಚ್ಚಿ ಕೊಟ್ಟಿರಬೇಕಲ್ಲವೇ? ಹಾಗೆಯೇ ಎಂಬತ್ತೆಂಟು ಎರಡು ಸಲ, ಇನ್ನೂರ ಮೂರು ಎರಡು ಸಲ. ದುಡ್ಡು ಮಾತ್ರ ಪೈಸೆ ತಪ್ಪದೆ ಬಂದಿದೆ. ಕದ್ದಿದ್ದರೆ ದುಡ್ಡು ಕಡಿಮೆ ಇರುತ್ತಿತ್ತು, ಅಲ್ಲವೇ? ಹಾಗಾಗಿ ಕಳ್ಳತನವಲ್ಲ.

ನೀನು ಡಿಸ್ಕನ್ನು ಬಾಡಿಗೆಗೆ ಬಿಡುತ್ತಿದ್ದೀಯ. ಅಂಗಡಿ ಪೂಜೆಯ ದಿನವೇ ಹೇಳಿದ್ದೆ. ಮಾರು, ಬದಲಾಯಿಸು, ಬಾಡಿಗೆ ಮಾತ್ರ ಬೇಡ. ಬಾಡಿಗೆಗೆ ಹೋದ ಡಿಸ್ಕು ಪಾತ್ರೆ ತಿಕ್ಕಿದ ಹಾಗೆ ವಾಪಸು ಬರುತ್ತದೆ. ಹೌದೋ ಅಲ್ಲವೋ, ಒಂದೇ ಸಾಲಿನಲ್ಲಿ ಬರೆ.

ಇದನ್ನು ಯಾಕೆ ಇಷ್ಟು ಗಟ್ಟಿಯಾಗಿ ಕೇಳುತ್ತಿದ್ದೇನೆ ಎಂದರೆ, ಬಸ್ ಸ್ಟ್ಯಾಂಡಿನ ಹತ್ತಿರ ಸೀನಪ್ಪನ ಹೊಸ ಕಟ್ಟಡದಲ್ಲಿ ಎರಡು ಶೆಟರಿನ ಅಂಗಡಿ ಖಾಲಿ ಇದೆ. ಮೂರು ಲಕ್ಷ ಅಡ್ವಾನ್ಸ್. ಕೇಳಲು ಹೋದರೆ, "ಏನಪ್ಪಾ ಮುನಿಕೃಷ್ಣ, ಇನ್ನೂ ಆ ತಟ್ಟೆ ಮಾರ್ಕೊಂಡೇ ಇದ್ದೀಯಾ? ಊರೆಲ್ಲ ಬಿಟ್ಬಿಟ್ರಲ್ಲಯ್ಯಾ" ಎಂದ. ಜೇಬಿನಿಂದ ನಿನ್ನ ಪಟ್ಟಿ ತೆಗೆದು ಅವನ ಮೂಗಿನ ಕೆಳಗೆ ಹಿಡಿದೆ. ಮೂವತ್ತೊಂದು ನೋಡಿ ಕುರ್ಚಿ ಎಳೆದು ಕೊಟ್ಟ. ವಿಜಯದಶಮಿಗೆ ಕರಾರು ಮಾಡಿಕೊಳ್ಳೋಣ ಎಂದಿದ್ದೇನೆ. ದುಡ್ಡಿಗೆ ನಮ್ಮ ನಾಲ್ಕು ಮಗ್ಗ ಕೊಡುವ ಯೋಚನೆ. ಪಾಪಮ್ಮ ಒಬ್ಬಳು ಎರಡನ್ನು ನಡೆಸುತ್ತಾಳೆ, ಇನ್ನೆರಡು ನಿಂತೇ ಇವೆ.

ನಿಮ್ಮತ್ತೆಗೆ ಇನ್ನೂ ಹೇಳಿಲ್ಲ. ನೀನೂ ಹೇಳಬೇಡ.

ಮುನಿಕೃಷ್ಣ


ಹೊಸಕೋಟೆ
25-8-2025

ಮಾವ,

ಇದನ್ನು ಡಬ್ಬಿಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಒಂದು ಸಲ ಪೂರ್ತಿ ಬರೆದುಬಿಟ್ಟರೆ ಮುಂದಿನ ಸಲ ಕಳಿಸುವ ಧೈರ್ಯ ಬರಬಹುದು.

ಬಾಡಿಗೆ ಅಲ್ಲ. ನೂರ ಹದಿನೇಳನೇ ಡಿಸ್ಕು ಕಪಾಟಿನಿಂದ ಕೆಳಗೆ ಇಳಿದೇ ಇಲ್ಲ. ನೀವು ಬರೆದ ನಂಬರು ಈಗಲೂ ಹೊಳೆಯುತ್ತಿದೆ.

ನಾನು ಮಾರುತ್ತಿರುವುದು ಅಕೌಂಟು. ನೆಟ್‌ನಲ್ಲಿ ನನ್ನ ಹೆಸರಲ್ಲಿ ಒಂದು ಖಾತೆ ತೆರೆದು ನಾಲ್ಕು ಸಾವಿರಕ್ಕೆ ಗೇಮ್ ಕೊಳ್ಳುತ್ತೇನೆ. ಆ ಖಾತೆಯ ಪಾಸ್‌ವರ್ಡನ್ನು ಒಬ್ಬನಿಗೆ ಸಾವಿರದ ಐನೂರಕ್ಕೆ ಕೊಡುತ್ತೇನೆ, ಅವನು ತನ್ನ ಗೇಮ್ ಮೆಷಿನ್ನಿಗೆ ಇಳಿಸಿಕೊಳ್ಳುತ್ತಾನೆ. ಆಮೇಲೆ ಅದನ್ನೇ ಎರಡನೆಯವನಿಗೆ, ಮೂರನೆಯವನಿಗೆ, ನಾಲ್ಕನೆಯವನಿಗೆ. ಒಂದೇ ಬೀಗದ ಕೈಯನ್ನು ನಾಲ್ಕು ಮನೆಗೆ ಮಾರಿದ ಹಾಗೆ. ಕಂಪನಿಗೆ ಗೊತ್ತಾದರೆ ಖಾತೆಗೆ ಬೀಗ ಹಾಕುತ್ತಾರೆ, ಎಲ್ಲರ ಗೇಮೂ ಒಟ್ಟಿಗೆ ಹೋಗುತ್ತದೆ. ಇದನ್ನು ಗಿರಾಕಿಗಳಿಗೆ ಹೇಳಿಲ್ಲ. ನಿಮ್ಮ ಪುಸ್ತಕಕ್ಕೆ ನಂಬರು ಬೇಕಲ್ಲ ಎಂದು, ಕಪಾಟಿನಲ್ಲಿ ಅದೇ ಗೇಮಿನ ಡಿಸ್ಕು ಯಾವುದಿದೆಯೋ ಅದರ ನಂಬರು ಬರೆದೆ.

ಮಾರ್ಚಿಯಲ್ಲಿ ಶುರು ಮಾಡಿದ್ದು ಒಂದು ತಿಂಗಳ ಅಂಗಡಿ ಬಾಡಿಗೆ ಹೊಂದಿಸಲು. ಹೊಸಕೋಟೆ ನಡೆಯದಿದ್ದರೆ ಎರಡು ಅಂಗಡಿಗೂ ಬೀಗ ಹಾಕುತ್ತೇನೆ ಎಂದು ನೀವು ಸಂಕ್ರಾಂತಿಯಲ್ಲಿ ಹೇಳಿದ್ದಿರಿ. ನನಗೆ ಆ ಮಾತು ನಿಜವೆನಿಸಿತು. ನಿಮಗೆ ಆ ಮೂವತ್ತೊಂದು ನಿಜವೆನಿಸಿತು.

ಮಗ್ಗ ಕೊಡಬೇಡಿ. ದಯವಿಟ್ಟು.


ಹೊಸಕೋಟೆ
28-8-2025

ಮಾವ,

ಹೌದು. ಬಾಡಿಗೆಗೆ ಬಿಟ್ಟಿದ್ದೆ. ತಪ್ಪಾಯಿತು.

ಮೇಘನ


ದೊಡ್ಡಬಳ್ಳಾಪುರ
6-9-2025, ಶನಿವಾರ

ಮೇಘನಾ,

ನಿನ್ನ ಒಂದು ಸಾಲು ಓದಿ ಮೊದಲು ಉರಿದುಹೋಯಿತು. ಆಮೇಲೆ ಲೆಕ್ಕ ಹಾಕಿದೆ. ಲೆಕ್ಕ ಹಾಕಿದರೆ ನನ್ನ ಸಿಟ್ಟು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಅದು ನನ್ನ ರೋಗ.

ಒಂದು ಡಿಸ್ಕು ಮೂರು ಸಲ ಹೋಗಿ ಬಂದರೆ ಮಾರಿದ್ದಕ್ಕಿಂತ ಹೆಚ್ಚು ದುಡಿಯುತ್ತದೆ. ಗೀರು ಬಿದ್ದರೆ ಬೀಳಲಿ, ಉಜ್ಜುವ ಮೆಷಿನ್ ಇದೆ. ಇಪ್ಪತ್ತು ವರ್ಷ ಹಟ ಹಿಡಿದು ನಾನು ಕಳೆದುಕೊಂಡಿದ್ದನ್ನು ನೀನು ನನಗೆ ಹೇಳದೆ ಕೇಳದೆ ಕಂಡುಹಿಡಿದೆ. ಬೈದು ಬಿಡಲೋ ಬೆನ್ನು ತಟ್ಟಲೋ ತಿಳಿಯದೆ ಎರಡೂ ಮಾಡುತ್ತಿದ್ದೇನೆ. ಇಲ್ಲೂ ಬಾಡಿಗೆ ಶುರು ಮಾಡಿದೆ. ಬೋರ್ಡು ಬರೆಸಿದೆ.

ಸೇಲಂ ಕಡೆಯವನೊಬ್ಬ ಬಂದು ಮಗ್ಗ ನೋಡಿಕೊಂಡು ಹೋದ. ನಾಲ್ಕಕ್ಕೂ ಸೇರಿ ಎರಡು ಲಕ್ಷ ಅರವತ್ತು ಸಾವಿರ. ಇಪ್ಪತ್ತೆಂಟನೇ ತಾರೀಕು ಭಾನುವಾರ ಲಾರಿ ತರುತ್ತಾನೆ. ಅಲ್ಲಿಯವರೆಗೆ ಮಾತಷ್ಟೇ, ಮುಂಗಡ ತೆಗೆದುಕೊಂಡಿಲ್ಲ. ನಿಮ್ಮತ್ತೆಗೆ ಹೇಳಿದೆ. ಎರಡು ದಿನ ತಟ್ಟೆ ನೆಲಕ್ಕೆ ಕುಕ್ಕಿ ಊಟ ಬಡಿಸಿದಳು, ಮೂರನೇ ದಿನ ಮೆಲ್ಲಗೆ ಇಟ್ಟಳು. ಪಾಪಮ್ಮನಿಗೆ ಹೇಳುವುದೇ ಕಷ್ಟವಾಯಿತು. ಹತ್ತೊಂಬತ್ತು ವರ್ಷ ನಮ್ಮ ಶೆಡ್ಡಿನಲ್ಲಿ ನೇಯ್ದವಳು. "ಮಗ್ಗ ಹೋಯ್ತದೆ ಅಂದ್ರೆ ನಾನೂ ಲಾರಿ ಹತ್ತಬೇಕೇನಣ್ಣ?" ಎಂದಳು. ನಕ್ಕೆ. ಅವಳು ನಗಲಿಲ್ಲ.

ನಿನ್ನ ಪಟ್ಟಿಯ ಮೇಲೆ ನಿಂತು ಇಷ್ಟು ದೊಡ್ಡ ಹೆಜ್ಜೆ ಇಡುತ್ತಿದ್ದೇನೆ. ಆಗಸ್ಟಿನದು ಎಲ್ಲಿ?

ಮುನಿಕೃಷ್ಣ


ಹೊಸಕೋಟೆ
11-9-2025

ಮಾವ,

ಆಗಸ್ಟ್ ಪಟ್ಟಿ ಇಟ್ಟಿದ್ದೇನೆ. ಇಪ್ಪತ್ತೊಂಬತ್ತು.

ಒಂದು ಮಾತು ಹೇಳುತ್ತೇನೆ, ದೊಡ್ಡ ಬಾಯಿ ಎಂದುಕೊಳ್ಳಬೇಡಿ. ಮಗ್ಗವನ್ನು ಈಗಲೇ ಕೊಡಬೇಡಿ. ಒಂದು ವರ್ಷ ನೋಡೋಣ. ಹೊಸಕೋಟೆ ಹೀಗೇ ಓಡುತ್ತದೆ ಎಂದು ಏನು ಗ್ಯಾರಂಟಿ? ಹೊಸ ಮೆಷಿನ್‌ಗಳು ಬೇರೆ ಥರ ಬರುತ್ತಿವೆ. ದೊಡ್ಡಬಳ್ಳಾಪುರದಲ್ಲಿ ಎರಡು ಶೆಟರು ಯಾಕೆ, ಇರುವ ಒಂದೇ ಸಾಲದೇ?

ಪಾಪಮ್ಮನವರು ಎಲ್ಲಿಗೆ ಹೋಗುತ್ತಾರೆ?

ಮೇಘನ


ದೊಡ್ಡಬಳ್ಳಾಪುರ
20-9-2025, ಶನಿವಾರ

ಮೇಘನಾ,

ಓದಿದೆ. ಎರಡು ಸಲ ಓದಿದೆ.

ಬಾಗಿಲಿಗೆ ಬೋರ್ಡು ಬರೆಸಲು ಬಣ್ಣಕ್ಕೆ ದುಡ್ಡಿಲ್ಲದೆ ನೂಲಿಗೆ ಹಾಕುವ ಬಣ್ಣದಲ್ಲೇ ಬರೆಸಿ ಅಂಗಡಿ ಶುರು ಮಾಡಿದವನು ನಾನು. ಮುಂದಿನ ಕೋಣೆಯಲ್ಲಿ ಎರಡು ಟಿ.ವಿ. ಇಟ್ಟು, ಬಟವಾಡೆ ದಿನ ಮಗ್ಗದ ಕೆಲಸದವರಿಗೆ ಗಂಟೆಗೆ ಹತ್ತು ರೂಪಾಯಿಗೆ ಗೇಮ್ ಆಡಿಸಿದವನು. ಯಾವುದಕ್ಕೆ ಗ್ಯಾರಂಟಿ ಇತ್ತು ಆಗ? ಈಗ ನನ್ನ ಅಕ್ಕನ ಮಗಳು ಗ್ಯಾರಂಟಿ ಕಾರ್ಡು ಕೇಳುತ್ತಾಳೆ.

ನನಗೆ ಅರ್ಥವಾಗದ್ದೇನಲ್ಲ. ಹೊಸಕೋಟೆ ದೊಡ್ಡದು, ದೊಡ್ಡಬಳ್ಳಾಪುರ ಸಣ್ಣದಾಗಿಯೇ ಇರಲಿ ಎನ್ನುವ ಆಸೆ ನಿನಗೆ. ತಪ್ಪಲ್ಲ, ನಿನ್ನ ವಯಸ್ಸಿನಲ್ಲಿ ನನಗೂ ಇತ್ತು. ಆದರೆ ಪಾಪಮ್ಮನನ್ನು ಮುಂದೆ ನಿಲ್ಲಿಸಿಕೊಂಡು ಮಾತಾಡಬೇಡ. ನೇರ ಹೇಳು.

ಇಲ್ಲಿ ಬಾಡಿಗೆ ವ್ಯಾಪಾರ ತುಂಬಾ ಚೆನ್ನಾಗಿ ನಡೆಯುತ್ತಿದೆ.

ಮುನಿಕೃಷ್ಣ


ಹೊಸಕೋಟೆ
23-9-2025, ಮಂಗಳವಾರ

ಮಾವ,

ಡಬ್ಬಿಯ ಮೇಲೆ ಇಂದೇ ತೆರೆಯಿರಿ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಶನಿವಾರದ ತನಕ ಕಾಯಬೇಡಿ. ಕಾದರೂ ಲಾರಿ ಬರುವ ಭಾನುವಾರಕ್ಕೆ ಒಂದು ದಿನ ಉಳಿಯುತ್ತದೆ ಎಂಬ ಒಂದೇ ಧೈರ್ಯ ನನಗೆ.

ಒಳಗೆ ಎರಡು ಕಾಗದಗಳಿವೆ. ಆಗಸ್ಟ್ 25ರದ್ದನ್ನು ಮೊದಲು ಓದಿ. ಅದನ್ನು ಅವತ್ತೇ ಕಳಿಸಬೇಕಿತ್ತು. ಬಾಡಿಗೆ ಎಂದು ನೀವೇ ಒಂದು ಸಣ್ಣ ತಪ್ಪನ್ನು ತೋರಿಸಿಕೊಟ್ಟಿರಿ, ನಾನು ಅದನ್ನು ಒಪ್ಪಿಕೊಂಡು ದೊಡ್ಡದನ್ನು ಮುಚ್ಚಿಕೊಂಡೆ.

ನಿನ್ನೆ ಬೆಳಿಗ್ಗೆ ಖಾತೆಗಳಿಗೆಲ್ಲ ಬೀಗ ಬಿತ್ತು. ಮೊದಲು ಬಂದವನು ಅಮರ್, ಜಡಿಗೇನಹಳ್ಳಿಯವನು, ಹಾಲಿನ ವ್ಯಾನ್ ಓಡಿಸುತ್ತಾನೆ. "ಅಕ್ಕ, ನನ್ ಗೇಮ್ ಎಲ್ಲೋಯ್ತು? ಮೊನ್ನೆ ತನ್ಕ ಆಡ್ತಿದ್ದೆ, ಇವತ್ತು ತೆಗುದ್ರೆ ಬೀಗ ಬಿದ್ದೈತೆ" ಎಂದ. ಏನೋ ಸಮಾಧಾನ ಹೇಳಿ ಕಳಿಸಿದೆ. ಹನ್ನೊಂದು ಗಂಟೆಗೆ ಹದಿನಾಲ್ಕು ಜನ ಇದ್ದರು. ಒಬ್ಬ ಬೋರ್ಡು ತೋರಿಸಿ, "ಡಿಸ್ಕ್ ಅಂಗ್ಡಿ ಅಂತ ಬರ್ಕೊಂಡು ಗಾಳಿ ಮಾರ್ತೀರೇನ್ರೀ? ಸ್ಟೇಷನ್ನಿಗೆ ಹೋಗೋಣ ನಡೀರಿ" ಎಂದು ಶೆಟರಿಗೆ ಗುದ್ದಿದ. ಅಮರನೇ ಅವನನ್ನು ಹಿಡಿದುಕೊಂಡ. ಒಟ್ಟು ನಲವತ್ತೊಂದು ಜನ. ಹದಿನೈದು ದಿನ ಟೈಮ್ ಕೇಳಿದ್ದೇನೆ.

ನಾನು ಹೇಳಬೇಕಾದ್ದು ಅದಲ್ಲ. ಆ ಮೂವತ್ತೊಂದು, ಆ ಇಪ್ಪತ್ತೊಂಬತ್ತು, ಅವುಗಳಲ್ಲಿ ಬಹುಪಾಲು ಡಿಸ್ಕುಗಳಲ್ಲ. ಆ ಪಟ್ಟಿ ನಂಬಿ ಮಗ್ಗ ಕೊಡಬೇಡಿ. ಇನ್ನು ನೀವು ಬರೆದ ಕೊನೆಯ ಸಾಲು. ವ್ಯಾಪಾರ ತುಂಬಾ ಚೆನ್ನಾಗಿದೆ ಎಂದಿರಿ, ಸಂಖ್ಯೆ ಬರೆಯಲಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ನೀವು ಸಂಖ್ಯೆ ಇಲ್ಲದೆ ವ್ಯಾಪಾರದ ಒಂದು ಸಾಲು ಬರೆದಿದ್ದು ಇದೇ ಮೊದಲು. ಅಲ್ಲೂ ಏನೂ ಹೋಗುತ್ತಿಲ್ಲ, ಅಲ್ಲವೇ ಮಾವ?

ಫೋನ್ ಮಾಡಬಹುದಿತ್ತು. ಎತ್ತುವುದು ಅತ್ತೆ. ಅವರಿಗೆ ಹೇಳಿ, ಅವರು ನಿಮ್ಮ ಕಿವಿಯಲ್ಲಿ ಕೂಗಿ, ಅದನ್ನು ಬೀದಿಯೆಲ್ಲ ಕೇಳುವುದನ್ನು ನೆನೆಸಿಕೊಂಡು ಕೈ ಬರಲಿಲ್ಲ. ಇದೂ ನನ್ನ ಹೇಡಿತನವೇ.

ಮೇಘನ


ದೊಡ್ಡಬಳ್ಳಾಪುರ
27-9-2025, ಶನಿವಾರ

ಮೇಘನಾ,

ನಿನ್ನ ಡಬ್ಬಿ ಮಂಗಳವಾರ ಸಂಜೆಯೇ ಬಂತು. ಕೆಂಪು ಅಕ್ಷರ ನೋಡಿದೆ. ಬೈರೇಶ, "ಅರ್ಜೆಂಟ್ ಅಂತೆ ಕಣಣ್ಣ, ಮಗು ಮುಖ ಸರಿ ಇರ್ಲಿಲ್ಲ" ಎಂದ. "ನನ್ ಅಂಗ್ಡಿ ರೂಲ್ಸ್ ನಂಗೇ ಹೇಳ್ಕೊಡ್ತಾಳಾ?" ಎಂದು ಮೇಜಿನ ಮೇಲಿಟ್ಟೆ. ಮುನಿಸಿಕೊಂಡು ಡಿಸ್ಕು ವಾಪಸು ಕಳಿಸಿದ್ದೀಯ ಎಂದುಕೊಂಡಿದ್ದೆ.

ಸೇಲಂನವನು ಭಾನುವಾರ ಬರಬೇಕಾದವನು ನಿನ್ನೆ ಶುಕ್ರವಾರವೇ ಬಂದ. "ಲಾರಿ ಇವತ್ತೇ ಸಿಕ್ಕಿದೆ ಸಾರ್, ನಾಳಿದ್ದು ಅಂದ್ರೆ ಬಾಡಿಗೆ ಡಬಲ್ ಆಗುತ್ತೆ, ಅದನ್ನ ನೀವು ಕೊಡ್ತೀರಾ?" ಎಂದ. ನಾನು ಯಾಕೆ ಕೊಡಲಿ? ಬಿಚ್ಚಿಕೋ ಎಂದೆ. ಮಧ್ಯಾಹ್ನ ಎರಡೂವರೆಗೆಲ್ಲ ಶೆಡ್ಡು ಖಾಲಿ. ಗೋಡೆಯ ಮೇಲೆ ಎಣ್ಣೆಯ ಕಲೆ ನಾಲ್ಕು ಉಳಿದಿವೆ.

ಅವನು ಕೊಟ್ಟ ಎರಡು ಲಕ್ಷ ಅರವತ್ತು ಸಾವಿರವನ್ನು ನಾನು ಎಣಿಸಿದ್ದು ನಿನ್ನ ಡಬ್ಬಿಯ ಮೇಲೆ ಇಟ್ಟುಕೊಂಡು. ಮೇಜಿನ ಮೇಲೆ ಬೇರೆ ಜಾಗವಿರಲಿಲ್ಲ. ಕೆಂಪು ಅಕ್ಷರದ ಮೇಲೆ ಕಟ್ಟು ಜೋಡಿಸಿ, ಎಂಜಲು ಹಚ್ಚಿ ಎಣಿಸಿದೆ. ಎರಡು ಸಲ.

ಇವತ್ತು ಪುಸ್ತಕ ಮುಗಿಸಿ ತೆರೆದೆ.

ಬೈಯಬೇಕೆಂದು ನಾಲ್ಕು ಹಾಳೆ ಬರೆದೆ. ಓದಿ ನೋಡಿದರೆ ಅದರಲ್ಲಿ ಅರ್ಧ ನನಗೇ ಸಲ್ಲಬೇಕಾದದ್ದು. ಸೇಲಂನವನಿಗೆ ಪ್ರಮೋದಾ ಕೈಯಲ್ಲಿ ಫೋನ್ ಮಾಡಿಸಿದೆ. ಎರಡು ಮಗ್ಗ ಆಗಲೇ ಬೇರೆಯವರಿಗೆ ಮಾತಾಗಿದೆಯಂತೆ, ಇನ್ನೆರಡನ್ನು ಬಿಚ್ಚಿ ಬಿಡಿಭಾಗ ಮಾರುತ್ತಾನಂತೆ. ಯಾವ ಎರಡು ಎಂದು ಕೇಳಲಿಲ್ಲ.

ನೀನು ಕೇಳಿದ ಸಂಖ್ಯೆ: ಒಂದು. ಮೂರು ವಾರದಲ್ಲಿ ಬಾಡಿಗೆಗೆ ಡಿಸ್ಕು ತೆಗೆದುಕೊಂಡವರು ಒಬ್ಬರು. ಪ್ರಮೋದಾಳ ತಮ್ಮ. ದುಡ್ಡು ಕೊಟ್ಟಿಲ್ಲ.

ಐದನೇ ತಾರೀಕು ಭಾನುವಾರ ಬರುತ್ತೇನೆ. ನಲವತ್ತೊಂದು ಜನರನ್ನೂ ಬರಹೇಳು. ಇಲ್ಲಿಂದ ಒಳ್ಳೆಯ ಡಿಸ್ಕು ಇನ್ನೂರು ತರುತ್ತೇನೆ. ಹೋದ ಗೇಮಿಗೆ ಬದಲು ಒಬ್ಬೊಬ್ಬರಿಗೆ ಎರಡೆರಡು ಕೊಟ್ಟರೆ ಯಾರು ಬೇಡ ಎನ್ನುತ್ತಾರೆ? ಗಾಳಿ ಹೋದವರಿಗೆ ಕೈಯಲ್ಲಿ ಹಿಡಿಯುವ ವಸ್ತು ಕೊಡೋಣ. ದುಡ್ಡು ಮುಟ್ಟಬೇಕಾಗಿಲ್ಲ.

ಮುನಿಕೃಷ್ಣ


ದೊಡ್ಡಬಳ್ಳಾಪುರ
11-10-2025, ಶನಿವಾರ

ಮೇಘನಾ,

ಹೊಸಕೋಟೆಯಿಂದ ಬಂದು ಆರು ದಿನವಾಯಿತು. ಅವತ್ತು ಅಂಗಡಿಯಲ್ಲಿ ಅಷ್ಟು ಜನರ ಮುಂದೆ ನೀನು ಹೆಸರು ಕೂಗಿದೆ, ನಾನು ಟಿಕ್ ಹಾಕಿದೆ.

ಆ ಅಮರ್ ಹೇಳಿದ ಮಾತು ನನಗೆ ನಿದ್ದೆಯಲ್ಲೂ ಕೇಳಿಸುತ್ತದೆ, ಅದೂ ಎಡಗಿವಿಯಲ್ಲಿ. ನಾನು ಆರಿಸಿ ಆರಿಸಿ ಗೀರಿಲ್ಲದ ಎರಡು ಕಾರಿನ ಡಿಸ್ಕು ಕೈಗೆ ಕೊಟ್ಟರೆ ಹಿಂದೆ ಮುಂದೆ ತಿರುಗಿಸಿ ನೋಡಿದ. "ಚೆನ್ನಾಗೈತೆ ಗುರು. ಎಲ್ಲಿ ತೂರಿಸ್ಲಿ ಇದನ್ನ? ನನ್ ಮೆಷಿನ್ನಿಗೆ ಬಾಯೇ ಇಲ್ವಲ್ಲ!" ಎಲ್ಲರೂ ನಕ್ಕರು. ಅವನು ಗೇಲಿ ಮಾಡಲಿಲ್ಲ, ಪಾಪ, ಇದ್ದದ್ದು ಹೇಳಿದ. ನಾನು ಪ್ರತಿಯೊಬ್ಬರನ್ನೂ ಕೇಳಿದೆ. ಮೂವತ್ತೆಂಟು ಜನರ ಮೆಷಿನ್ನಿಗೆ ಡಿಸ್ಕು ಹಾಕುವ ಬಾಯಿಲ್ಲ. ಈಗ ಹಾಗೇ ಬರುತ್ತದಂತೆ, ಬೆಲೆ ಕಡಿಮೆಯಂತೆ. ಡಿಸ್ಕು ಮಾರುವವನಿಗೆ ಇದು ಗೊತ್ತಿರಲಿಲ್ಲ ಎಂದರೆ ನಂಬುತ್ತೀಯಾ? ಗೊತ್ತಿತ್ತು. ಅಂಥವು ಬಂದಿವೆ ಎಂದು ಗೊತ್ತಿತ್ತು. ನಮ್ಮೂರಿಗೆ ಬರಲು ಇನ್ನೂ ಐದಾರು ವರ್ಷ ಬೇಕು ಎಂದುಕೊಂಡಿದ್ದೆ.

ಮೂವರಿಗೆ ಡಿಸ್ಕು. ಮೂವತ್ತೆಂಟು ಜನರಿಗೆ ಮಗ್ಗದ ದುಡ್ಡಿನಿಂದ ತೊಂಬತ್ತೊಂದು ಸಾವಿರದ ಇನ್ನೂರು. ಅದನ್ನು ನಿನ್ನ ಹೆಸರಿನಲ್ಲಿ ಬರೆದಿದ್ದೇನೆ. ತಿಂಗಳು ತಿಂಗಳು ಎಷ್ಟಾದರೆ ಅಷ್ಟು ತೀರಿಸು. ಮನ್ನಾ ಮಾಡಿದರೆ ನಿನಗೂ ಒಳ್ಳೆಯದಲ್ಲ, ನನಗೂ ಒಗ್ಗುವುದಿಲ್ಲ.

ಪಾಪಮ್ಮ ಹಿಂದಿನ ಬೀದಿಯ ಶೆಡ್ಡಿಗೆ ಸೇರಿದ್ದಾಳೆ. ಕೂಲಿ ಸೀರೆಗೆ ನಲವತ್ತು ರೂಪಾಯಿ ಕಡಿಮೆ. ದಾರಿಯಲ್ಲಿ ಸಿಕ್ಕಿದರೆ ಮಾತಾಡಿಸುತ್ತಾಳೆ. ಮಾತಾಡಿಸದಿದ್ದರೆ ಚೆನ್ನಾಗಿತ್ತು.

ಈಗ ಮುಖ್ಯ ವಿಷಯ. ನನ್ನ ಹತ್ತಿರ ಒಂದು ಲಕ್ಷ ಅರವತ್ತೆಂಟು ಸಾವಿರದ ಎಂಟುನೂರು ಉಳಿದಿದೆ. ವಿಜಯದಶಮಿಗೆ ಕರಾರು ಆಗಲಿಲ್ಲವಲ್ಲ, ಸೀನಪ್ಪ ಮನೆಗೇ ಬಂದ. "ಎರಡು ಶೆಟರು ಬೇಡ ಬಿಡಯ್ಯಾ, ಒಂದೇ ತಗೋ. ಒಂದೂವರೆ ಲಕ್ಷ ಕೊಡು. ದೀಪಾವಳಿ ಬಲಿಪಾಡ್ಯಮಿ ತನ್ಕ ಇಟ್ಟಿರ್ತೀನಿ" ಎಂದ. ನಗಬೇಡ, ನನಗೆ ಆಸೆ ಹೋಗಿಲ್ಲ. ನಿಂತ ಮಗ್ಗದ ದುಡ್ಡು ಮನೆಯಲ್ಲಿ ಕೂತಿದ್ದರೆ ಮದುವೆ ಮುಂಜಿ ಆಸ್ಪತ್ರೆ ಎಂದು ಕರಗಿಹೋಗುತ್ತದೆ. ಪ್ರಮೋದಾ ಬೇಡ ಎನ್ನುತ್ತಾಳೆ. ನಾನು ಮೊದಲ ಟಿ.ವಿ. ತಂದಾಗಲೂ ಅವಳು ಬೇಡ ಎಂದಿದ್ದಳು.

ಇದ್ದದ್ದನ್ನು ಇದ್ದ ಹಾಗೆ ಬರೆದ ಒಂದು ಪಟ್ಟಿ ನನಗೆ ಬೇಕು. ಮಾರ್ಚಿಯಿಂದ ಸೆಪ್ಟೆಂಬರ್‌ವರೆಗೆ, ಅಕೌಂಟು ಪಕ್ಕಕ್ಕಿಟ್ಟು, ಹೊಸಕೋಟೆಯಲ್ಲಿ ನಿಜವಾಗಿ ಹೋದ ಡಿಸ್ಕು ತಿಂಗಳಿಗೆ ಎಷ್ಟು? ಇಲ್ಲಿಯ ಲೆಕ್ಕ ನನ್ನ ಹತ್ತಿರ ಇದೆ, ಅದನ್ನು ನಾನೇ ನಂಬುವುದಿಲ್ಲ. ಹೊಸಕೋಟೆ ಬೆಂಗಳೂರಿಗೆ ಹತ್ತಿರ, ಅಲ್ಲಿ ಸ್ವಲ್ಪವಾದರೂ ಉಸಿರಿರಬೇಕು. ತಿಂಗಳಿಗೆ ಹತ್ತು ಹೋಗಿದ್ದರೂ ಸಾಕು, ನಾನು ಸೀನಪ್ಪನಿಗೆ ಹೂಂ ಎನ್ನುತ್ತೇನೆ. ಹತ್ತು ದೊಡ್ಡ ಸಂಖ್ಯೆಯೇನಲ್ಲ.

ಈ ಸಲ ಡಬ್ಬಿ ಬಂದ ದಿನವೇ ತೆರೆಯುತ್ತೇನೆ.

ಮುನಿಕೃಷ್ಣ


ಹೊಸಕೋಟೆ
16-10-2025, ಗುರುವಾರ

ಮಾವ,

ಸಾಲ ಬರೆದುಕೊಂಡಿದ್ದು ಒಳ್ಳೆಯದಾಯಿತು. ಮುಂದಿನ ತಿಂಗಳಿಂದ ಐದೈದು ಸಾವಿರ ಕೊಡುತ್ತೇನೆ. ಅನುಗೊಂಡನಹಳ್ಳಿ ರಸ್ತೆಯ ಗೋಡೌನಿನಲ್ಲಿ ಸ್ಟಾಕ್ ಬರೆಯುವ ಕೆಲಸ ಕೇಳಿದ್ದೇನೆ. ಬಾ ಎಂದಿದ್ದಾರೆ.

ಹತ್ತು ದೊಡ್ಡ ಸಂಖ್ಯೆಯೇನಲ್ಲ ಎಂದು ಬರೆದಿದ್ದೀರಿ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಕೇಳುವವರೇ ಉತ್ತರ ಹೇಳಿಕೊಟ್ಟು ಕೇಳಿದ ಹಾಗಿತ್ತು. ಮೊನ್ನೆ ಒಂದು ಹಾಳೆಯಲ್ಲಿ ಹನ್ನೆರಡು, ಹತ್ತು, ಹನ್ನೊಂದು, ಹತ್ತು ಎಂದು ಬರೆದೂ ಬಿಟ್ಟೆ. ನೋಡಲು ಚೆನ್ನಾಗಿತ್ತು. ನೀವು ಅದನ್ನು ಜೇಬಿನಲ್ಲಿಟ್ಟುಕೊಂಡು ಸೀನಪ್ಪನವರ ಮನೆಗೆ ಹೋಗುವುದು ಕಣ್ಣಿಗೆ ಕಟ್ಟಿತು. ಆ ಹಾಳೆಯನ್ನು ಒಲೆಗೆ ಹಾಕಿದೆ.

ಮಾರ್ಚಿ ಹದಿನಾಲ್ಕು.
ಏಪ್ರಿಲ್ ಹನ್ನೊಂದು.
ಮೇ ಒಂಬತ್ತು.
ಜೂನ್ ಆರು.
ಜುಲೈ ಐದು.
ಆಗಸ್ಟ್ ಎರಡು.
ಸೆಪ್ಟೆಂಬರ್ ಸೊನ್ನೆ.

ಇಷ್ಟೇ ಕಳಿಸಿದರೆ ಸಾಕಿತ್ತು, ಆದರೆ ಇದರಲ್ಲೂ ಒಂದು ಸಾಲು ಸರಿಯಿಲ್ಲ. ನಿಮಗೆ ಆಗಸ್ಟಿನ ಪಟ್ಟಿ ಬರೆಯಲು ಕೂತಾಗ, ಇಪ್ಪತ್ತೊಂಬತ್ತರಲ್ಲಿ ಎರಡಾದರೂ ಸತ್ಯ ಇರಲಿ ಎಂದು ನನ್ನ ಪರ್ಸಿನಿಂದ ದುಡ್ಡು ತೆಗೆದು ಗಲ್ಲಾಪೆಟ್ಟಿಗೆಗೆ ಹಾಕಿದೆ. ಎರಡು ಡಿಸ್ಕು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದೆ. ಆಡಲು ನನ್ನ ಹತ್ತಿರ ಮೆಷಿನ್ನೇ ಇಲ್ಲ.

ಆಗಸ್ಟನ್ನೂ ಸೊನ್ನೆ ಎಂದೇ ಬರೆದುಕೊಳ್ಳಿ, ಮಾವ.

ಮೇಘನ